ನಾಲ್ಕು ಕಂಬದ ಮನೆಯ ಅಕ್ಕ

ಕುರಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಭೂಮಿಗೂ ಆಕಾಶಕ್ಕೂ ನಡುವೆ ಒಂದು ಮನೆ ತೂಗುತ್ತಿತ್ತಂತೆ. ನಾಲ್ಕು ಕಂಬ, ನಡುವೆ ಒಂದು ಬಾಗಿಲು. ಮನೆಯೇನೋ ಚಂದದ್ದು, ಆದರೆ ತಲೆಕೆಳಗು. ಅದರ ತಲೆ ನಮ್ಮ ಕಡೆ, ಕಾಲು ಆಚೆ ಕಡೆ. ಒಳಗೆ ಒಬ್ಬ ಹೆಣ್ಣುಮಗಳು. ಬಾಗಿಲು ದಾಟಿದರೆ ಆಕಾಶದೊಳಗೆ ಬಿದ್ದುಬಿಡುತ್ತಾಳೆ, ಅದಕ್ಕೇ ಹೊರಗೆ ಬರುವುದಿಲ್ಲ. ಹಸಿವಾದರೂ ಕೂಗುವುದಿಲ್ಲ. ಕೆಳಗಿನವರೇ ನೆನಪಿಟ್ಟು, ಎಡಗಡೆಯ ಕಂಬವನ್ನು ಹೆಬ್ಬೆರಳಿನಿಂದ ತಟ್ಟಿ, ‘ಅಕ್ಕಾ, ಉಣ್ಣು’ ಅನ್ನಬೇಕು. ತಟ್ಟಿ ತಟ್ಟಿ ಆ ಕಂಬ ಸವೆದುಹೋಗಿತ್ತಂತೆ.

‘ಕಂಬ ಪೂರಾ ಸವದ್ರ?’ ಅಂತ ನಾನು ಅಜ್ಜಿಯನ್ನು ಕೇಳುತ್ತಿದ್ದೆ.

‘ಮನಿ ಬೀಳ್ತದ. ಆಕಿ ಇಳದು ಬಂದು ನನ್ನ ಬಾಜೂಕ ಕುಂತು ಉಣ್ತಾಳ.’

‘ಆಮ್ಯಾಲ?’

‘ಆಮ್ಯಾಲ ಇಬ್ರೂ ಕೂಡಿ ನಿಮ್ಮಜ್ಜನ್ನ ಬೈತೀವಿ. ಮಲಕೋ ಬೇ ಹುಲಿಗಿ.’

ನನ್ನ ಅಜ್ಜಿ ಬಂಡೆಮ್ಮನ ಕಥೆಗಳಲ್ಲಿ ಹುಲಿಗಳು, ರಾಜರು, ಮಾತಾಡುವ ಗಿಣಿಗಳು ಎಲ್ಲಾ ಇದ್ದರು. ಅವರೆಲ್ಲ ದೂರದವರು. ಈ ಮನೆ ಮಾತ್ರ ಅಜ್ಜಿಯ ಕೊರಳಲ್ಲೇ ಇತ್ತು. ನಿಜಾಮನ ಕಾಲದ ಬೆಳ್ಳಿಯ ಹಾಲಿ ರೂಪಾಯಿ. ಒಂದು ಮಗ್ಗುಲಿಗೆ ಚಾರ್‌ಮಿನಾರ್, ಇನ್ನೊಂದು ಮಗ್ಗುಲಿಗೆ ನಮಗೆ ಓದಲು ಬಾರದ ಅಕ್ಷರ. ಮೇಲೆ ಒಂದು ಕೊಂಡಿ, ಕೊಂಡಿಗೆ ಕರಿದಾರ.

ಅಜ್ಜಿ ಎರಡನೆಯ ಹೆಂಡತಿ. ಮೊದಲನೆಯವಳು ದುರುಗಮ್ಮ. ನನ್ನ ಅಪ್ಪ ಪರಮಣ್ಣನನ್ನು ಹೆತ್ತು, ಬಾಣಂತಿ ಜ್ವರ ಬಂದು, ಕೂಸಿಗೆ ಹೆಸರಿಡುವ ಮೊದಲೇ ತೀರಿಕೊಂಡಳು. ಸತ್ತವಳ ಜಾಗಕ್ಕೆ ಬಂದವಳು ಸತ್ತವಳನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಉಳ್ಳವರು ಬೆಳ್ಳಿ ತಗಡಿನ ಮೇಲೆ ಹೆಣ್ಣಿನ ಮೊಕ ಒತ್ತಿಸಿ ಕಟ್ಟುತ್ತಾರೆ. ನನ್ನಜ್ಜ ಮಾಳಿಂಗಪ್ಪ ಕುರಿ ಕಾಯುವವನು. ಟಗರು ಮಾರಿದ ಹಾಲಿ ರೂಪಾಯಿಯೊಂದನ್ನು ಮಾನ್ವಿಯ ಅಕ್ಕಸಾಲಿ ಪತ್ತಾರರ ಹತ್ತಿರ ಒಯ್ದು, ಕೊಂಡಿ ಬೆಸೆಸಿ ತಂದ. ‘ಇದರಾಗ ಮನಿ ಅದ. ಆಕಿ ಇದರೊಳಗ ಇರಲಿ ಬಿಡು’ ಅಂದನಂತೆ. ಅಜ್ಜಿಗೆ ಆಗ ಸೀರೆ ಉಡಲು ಸರಿಯಾಗಿ ಬರುತ್ತಿರಲಿಲ್ಲ.

ಆವತ್ತಿನಿಂದ ಪ್ರತಿ ಊಟಕ್ಕೆ ಮೊದಲು ಅಜ್ಜಿ ಆ ರೂಪಾಯಿ ಹಿಡಿಯುತ್ತಿದ್ದಳು. ಎಡಗೈಯಿಂದ. ಬಲಗೈ ಎಂಜಲು ಕೈ. ಎಡ ಹೆಬ್ಬೆರಳಿಂದ ಒಂದು ಸಲ ತಿಕ್ಕಿ, ‘ಅಕ್ಕಾ, ಉಣ್ಣು’ ಅಂದು, ಆಮೇಲೆ ತನ್ನ ತುತ್ತು. ಹೊಲದಲ್ಲಿ ರೊಟ್ಟಿ ತಿನ್ನುವಾಗಲೂ ಅಷ್ಟೇ. ನಾನು ನೋಡುವ ಹೊತ್ತಿಗೆ ಒಂದು ಕಂಬ ಬರೀ ಗುರುತಾಗಿ ಉಳಿದಿತ್ತು.

ಎಂಬತ್ತೊಂದರ ಬೇಸಿಗೆಯಲ್ಲಿ ಕೊಂಡಿ ಮುರಿಯಿತು. ಅಪ್ಪ ಉಣ್ಣೆ ಹಾಕಲು ಮಾನ್ವಿಗೆ ಹೋಗುವವನಿದ್ದ. ರೂಪಾಯಿ ಒಯ್ದ. ಮೊದಲು ಕೊಂಡಿ ಬೆಸೆದವರ ಮಗ, ಪತ್ತಾರ ಕಾಳಪ್ಪ, ಹೊಸ ಕೊಂಡಿ ಹಾಕಿ ಕೊಟ್ಟ. ಅಪ್ಪ ಸಿರವಾರದ ಮೇಲೆ ಬಸ್ಸು ಬದಲಿಸಿ ಮಸರಕಲ್ಲಿಗೆ ಬಂದಿಳಿದು, ಬಂದವನೇ ಅಜ್ಜಿಯ ಅಂಗೈಯಲ್ಲಿ ಇಟ್ಟ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣು ಬೇರೆ ಕಡೆ ಇದ್ದರೂ ಹೆಬ್ಬೆರಳು ರೂಪಾಯಿಯ ಮೇಲೆ ಒಂದು ಸುತ್ತು ಹಾಕಿತು. ನಿಂತಿತು. ಇನ್ನೊಂದು ಸುತ್ತು. ಆಮೇಲೆ ಅಜ್ಜಿ ಅದನ್ನು ಮೆಲ್ಲಗೆ ಚಾಪೆಯ ಮೇಲೆ ಇಟ್ಟಳು, ಬೇರೆಯವರ ಕೂಸನ್ನು ಇಳಿಸಿದ ಹಾಗೆ.

‘ಇದು ಅಕ್ಕ ಅಲ್ಲ.’

‘ಪತ್ತಾರ ತೊಳದಾನ ಬೇ ಯವ್ವಾ. ಹೊಳಿಯಾಕತ್ತದ, ಅಷ್ಟ’ ಅಂದ ಅಪ್ಪ.

‘ತೊಳದ್ರ ಹೊಳಪು ಬರ್ತದ. ಸವದ ಕಂಬ ಬೆಳೀತದೇನು?’

ಅಪ್ಪ ಅದನ್ನೆತ್ತಿ ಬೆಳಕಿಗೆ ಹಿಡಿದ. ನಾಲ್ಕೂ ಕಂಬ ನೆಟ್ಟಗೆ ನಿಂತಿದ್ದವು. ಅವನ ಮೊಕ ಸಣ್ಣದಾಯಿತು. ಆದರೂ ಅಂದ, ‘ರೂಪಾಯಿ ರೂಪಾಯಿನ ಅಲ್ಲೇನು. ನಮ್ಮವ್ವನ ಮೊಕ ನಾ ನೋಡಿಲ್ಲ. ನನಗ ನೀನ ಅವ್ವ. ನಡೀತದ ಬಿಡು.’

‘ನಿನಗ ನಡೀತದ. ಆಕಿ ಎಲ್ಲಿ ಕುಂತಾಳೋ, ಉಪಾಸ.’

ಬಂದ ರೂಪಾಯಿಯನ್ನು ಅಜ್ಜಿ ಕೊರಳಿಗೆ ಕಟ್ಟಲಿಲ್ಲ, ಬಿಸಾಡಲೂ ಇಲ್ಲ. ಗೂಡಿನಲ್ಲಿಟ್ಟು ಸಂಜೆ ದೀಪ ತೋರಿಸುತ್ತಿದ್ದಳು. ‘ಯಾರ ಮನಿಯಾಕೋ, ಬಂದಾಳ’ ಅನ್ನುತ್ತಿದ್ದಳು. ಆದರೆ ಊಟದ ಹೊತ್ತಿಗೆ ಎಡಗೈ ಕೊರಳಿಗೆ ಹೋಗುತ್ತಿತ್ತು, ಅಲ್ಲಿ ಏನೂ ಇರುತ್ತಿರಲಿಲ್ಲ. ಪಂಚಮಿಯ ಉಂಡಿ ಮುಟ್ಟಲಿಲ್ಲ. ಚೌತಿಯ ಕಡುಬು ಮುಟ್ಟಲಿಲ್ಲ. ಗೋಡೆಯ ಕಡೆ ಮೊಕ ಮಾಡಿ ರೊಟ್ಟಿ, ಕೆಂಪು ಹಿಂಡಿ ತಿನ್ನುತ್ತಿದ್ದಳು, ಅದೂ ಅರ್ಧ. ರವಿಕೆಯ ತೋಳು ಸಡಿಲವಾಗುತ್ತಾ ಬಂತು. ಕಥೆ ಹೇಳು ಅಂದರೆ ‘ಮರತೀನಿ’ ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ತಾನಾಗಿಯೇ ಬಾಯಿಬಿಟ್ಟಳು. ‘ಹುಲಿಗಿ, ನನಗ ಸಾಯಾಕ ಅಂಜಿಕಿ ಇಲ್ಲ. ಹೋದ ಮ್ಯಾಲ ಆಕಿ ಎದುರಿಗಿ ಬರ್ತಾಳಲ್ಲ. ನನ್ನ ಕೂಸು ಸಾಕಿದಿ, ನನ್ನ ಗಂಡನ್ನ ಸಾಕಿದಿ, ನನ್ನನ್ನ ಎಲ್ಲಿ ಬಿಟ್ಟಿ ಅಂತಾಳ. ಏನು ಹೇಳ್ಲಿ?’

ಮರುದಿನ ದೇವದುರ್ಗದ ಹೊಲಿಗೆ ಕ್ಲಾಸಿಗೆ ಅಂತ ಹೊರಟವಳು ಮಾನ್ವಿಗೆ ಹೋದೆ.

ಪತ್ತಾರ ಕಾಳಪ್ಪ ಒಳ್ಳೆಯ ಮನುಷ್ಯ. ನನ್ನ ಮಾತು ಕೇಳಿ ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. ‘ಬಟ್ಟಲದಾಗ ನಾಕಾರು ಹಾಲಿ ರೂಪಾಯಿ ಇದ್ವು ತಂಗಿ. ಎಲ್ಲಾ ಒಂದ ಟಂಕಸಾಲಿವು. ಒಂದಕ್ಕ ಕೊಂಡಿ ಬೆಸದು, ನಿಮ್ಮಪ್ಪನ ಮುಂದ ತಕ್ಕಡಿಗೆ ಹಾಕಿ ಕೊಟ್ಟೀನಿ. ನಿಮ್ಮದು ಸವದಿತ್ತು, ಇದು ತೂಕದ್ದು. ಬೆಳ್ಳಿ ನಿಮಗ ಹೆಚ್ಚಿಗೀನ ಬಂದದ. ಮೋಸ ಎಲ್ಲಿ ಆತು?’

‘ಮೋಸ ಅಂದಿಲ್ರಿ. ನಮ್ಮದು ಎಲ್ಲದ ಅಂತ ಕೇಳಾಕ ಬಂದೀನಿ.’

ಕಾಳಪ್ಪ ಊದುಗೊಳವೆ ಕೆಳಗಿಟ್ಟ. ‘ಸವದವು ಎಲ್ಲಾ ರಾಯಚೂರಿನ ಅಬ್ದುಲ್ ವಹೀದ್ ಸಾಹೇಬ್ರಿಗೆ ಹೋಗ್ತಾವ. ಗಡಿಯಾರ ರಿಪೇರಿ ಅಂಗಡಿ ಅದ ಅವರದು. ಸವದ ರೂಪಾಯಿ ಅಂದ್ರ ಪ್ರಾಣ. ಆದ್ರ ಲಗು ಹೋಗು. ಬರೂ ಐತವಾರ ರಾಯಚೂರಾಗ ಅವರದೊಂದು ಸಮ್ಮೇಳನ ಅದ, ನಿಜಾಮನ ನಾಣ್ಯ ಕೂಡಿಸೋರು ಅಷ್ಟ ಬರೂವಂಥಾದು. ಹೈದರಾಬಾದು, ಗುಲಬರ್ಗಾ, ಎಲ್ಲಾ ಕಡಿಯಿಂದ ಬರ್ತಾರ. ಹುಡುಗ್ರು ಗೋಲಿ ಬದಲಿ ಮಾಡಿದಂಗ ಒಬ್ಬರದು ಒಬ್ಬರಿಗಿ ಕೊಡ್ತಾರ. ಅಲ್ಲಿಂದ ಹೋತಂದ್ರ ಎಲ್ಲಿ ಅಂತ ಹುಡುಕ್ತಿ?’

ಐತವಾರದ ಮರುದಿನವೇ ಮಾನಾಮಿ ಅಮಾಸಿ, ಸತ್ತವರಿಗೆ ಎಡೆ ಇಡುವ ದಿನ. ನಾನು ಅಜ್ಜಿಗೆ ಹೇಳಿದೆ. ಆಕೆ ಎಡ ಅಂಗೈಯನ್ನು ನನ್ನ ಮುಂದೆ ಚಾಚಿದಳು.

‘ತಂದು ಇದರಾಗ ಇಡ್ತೀಯೇನು?’

‘ಇಡ್ತೀನಿ ಯವ್ವಾ.’

‘ಹಂಗಾದ್ರ ಹೋಗಿ ಬಾ. ಬಂದಾಕಿನ್ನೂ ಕರಕೊಂಡು ಹೋಗು. ಬರಿಗೈಲೆ ಬಿಟ್ಟು ಬರಬ್ಯಾಡ, ಅರಿಷಿಣ ಕುಂಕುಮ ಹಚ್ಚಿ, ಬಾಯಿಗಿ ಸೀ ಕೊಟ್ಟು ಕಳಸಬೇಕು. ನಮ್ಮ ಮನ್ಯಾಗ ಇದ್ದಾಳ.’

ನಾನು ಹೊರಡುವ ಹಿಂದಿನ ದಿನವೇ ಹೋಳಿಗೆ ಮಾಡಿಸಿದಳು. ಹೋಳಿಗೆಯ ಗಂಟು, ಅರಿಷಿಣ ಕುಂಕುಮದ ಪೊಟ್ಟಣ, ಒಂದೆಳೆ ಕರಿದಾರ, ಸೆರಗಿನ ತುದಿಯಲ್ಲಿ ಬಂದಾಕಿ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ನನಗೆ ಕೂತಿರಲು ಆಗಲಿಲ್ಲ. ಗಬ್ಬೂರು ಬಂದಾಗ ಎದ್ದು ನಿಂತೆ, ಮತ್ತೆ ಕೂತೆ. ಸೆರಗಿನ ಗಂಟು ಮುಟ್ಟಿ ನೋಡುತ್ತಿದ್ದೆ, ಇದೆ. ಮತ್ತೆ ಮುಟ್ಟುತ್ತಿದ್ದೆ. ಪಕ್ಕದಲ್ಲಿ ಕೂತ ಮುದುಕಿ ಬೇಸತ್ತು ಕೇಳಿದಳು, ‘ಏನವಾ, ಚೇಳು ಕಟಗೊಂಡೀಯೇನು ಸೆರಗಿನಾಗ?’

‘ಒಬ್ಬಾಕಿನ್ನ ಕರಕೊಂಡು ಹೊಂಟೀನಿ’ ಅಂದೆ. ಮುದುಕಿ ನನ್ನ ಎರಡೂ ಕಡೆ ನೋಡಿ ಸ್ವಲ್ಪ ಆಚೆ ಸರಿದು ಕೂತಳು.

ಸಮ್ಮೇಳನ ಸ್ಟೇಶನ್ ರಸ್ತೆಯ ಒಂದು ಶಾದಿ ಮಹಲಿನಲ್ಲಿ. ಬಾಗಿಲಲ್ಲಿ ರಟ್ಟಿನ ಚೀಟಿ ಎದೆಗೆ ಚುಚ್ಚಿಕೊಂಡ ಗಂಡಸರು. ಒಬ್ಬರು ನನ್ನನ್ನು ತಡೆದು, ‘ಮದುವಿ ಹೋದ ವಾರ ಆತಲ್ಲ ತಂಗಿ’ ಅಂದರು. ಮದುವೆಗಲ್ಲ, ರೂಪಾಯಿಗೆ ಬಂದಿದ್ದೇನೆ ಅಂದೆ. ಒಳಗೆ ಬಿಟ್ಟರು.

ಒಳಗೆ ಕಾಲಿಟ್ಟರೆ ಗುಸುಗುಸು. ಇಷ್ಟು ಜನ ಇಷ್ಟು ಮೆಲ್ಲಗೆ ಮಾತಾಡುವುದನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದೆ. ಸಾಲು ಮೇಜು, ಮೇಜಿನ ಮೇಲೆ ಮಖಮಲ್ಲು, ಮಖಮಲ್ಲಿನ ಮೇಲೆ ನಾಣ್ಯ. ಪ್ರತಿ ಮೇಜಿಗೂ ಒಬ್ಬೊಬ್ಬರು ಬಗ್ಗಿ, ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಬ್ಬರು ನಾಣ್ಯದ ಅಂಚನ್ನು ಎರಡು ಬೆರಳಲ್ಲಿ ಮಾತ್ರ ಹಿಡಿದು ಇನ್ನೊಬ್ಬರಿಗೆ ಕೊಡುತ್ತಿದ್ದರು. ಮೊಕದ ಮೇಲೆ ಬೆರಳು ತಾಗಬಾರದಂತೆ. ನನಗೆ ಅಜ್ಜಿಯ ಹೆಬ್ಬೆರಳು ನೆನಪಾಯಿತು. ಎಲ್ಲಾ ಕಡೆ ಚಾರ್‌ಮಿನಾರ್, ಎಲ್ಲಾ ಕಡೆ ಮುಚ್ಚಿದ ಬಾಗಿಲು. ಇಷ್ಟೊಂದು ಮನೆ ಇರುವ ಊರಿನಲ್ಲಿ ನಮ್ಮಾಕೆಯನ್ನು ಯಾವ ಓಣಿಯಲ್ಲಿ ಅಂತ ಹುಡುಕಲಿ?

‘ವಹೀದ್ ಸಾಹೇಬ್ರು ಎಲ್ಲದಾರ್ರಿ?’

ಕೇಳಿದವರು ನಕ್ಕರು. ‘ಯಾರು, ಸವಕಲು ವಹೀದ್? ಕಡೀ ಮೇಜು. ಹೊಳಿಯೂದು ಎಲ್ಲಿ ಇಲ್ಲೋ ಅಲ್ಲದಾನ ನೋಡು.’

ಕಡೆಯ ಮೇಜಿನ ಹಿಂದೆ ಬಿಳಿ ಗಡ್ಡದ ಉದ್ದನೆಯ ಮನುಷ್ಯ ನಿಂತಿದ್ದರು. ಅವರ ಪಕ್ಕದಲ್ಲಿ ಟಿಫಿನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರ ಹೆಂಡತಿ ರಂಜಾನಬಿ. ಮುಂದೆ ಗಾಜಿನ ಮುಚ್ಚಳದ ಒಂದು ಚೌಕಟ್ಟು. ಅದರೊಳಗೆ ಗುಂಡನೆಯ ಗೂಡುಗಳಲ್ಲಿ ಹಾಲಿ ರೂಪಾಯಿಗಳು. ಎಲ್ಲವೂ ಸವೆದವು, ಎಲ್ಲದರ ನೆತ್ತಿಯ ಮೇಲೂ ಕೊಂಡಿ ಕಿತ್ತ ಬೆಸುಗೆಯ ಕಲೆ. ಗೀರುಗಳ ಸಂದಿಯಲ್ಲಿ ಅರಿಷಿಣ ಹಾಗೇ ಕೂತಿತ್ತು. ಇವರೆಲ್ಲ ಯಾರ ಯಾರದೋ ಕೊರಳಲ್ಲಿ ಇದ್ದವರು.

‘ಚೌಕಟ್ಟಿಗೆ ಕೈ ಹಚ್ಚಬ್ಯಾಡ ಬೇಟಿ’ ಅಂದರು ವಹೀದ್ ಸಾಹೇಬರು.

ನಾನು ಸೆರಗಿನ ಗಂಟು ಬಿಚ್ಚಿ, ಬಂದಾಕಿಯನ್ನು ಮೇಜಿನ ಮೇಲಿಟ್ಟು, ಒಂದೇ ಉಸಿರಿಗೆ ಎಲ್ಲಾ ಹೇಳಿದೆ. ಅಜ್ಜಿ, ಅಕ್ಕ, ಪತ್ತಾರನ ಬಟ್ಟಲು. ‘ಇದು ಹೊಸಾದ್ರಂಗ ಅದ. ಸವದಿಲ್ಲ. ಇದನ್ನ ತಗೊಂಡು ನಮ್ಮದು ಕೊಡ್ರಿ.’ ಹೊಳೆಯುವುದನ್ನು ಕೊಟ್ಟು ಸವೆದದ್ದು ಕೇಳಿದರೆ ಯಾರು ಬೇಡ ಅಂತಾರೆ, ದಾರಿಯುದ್ದಕ್ಕೂ ನನಗಿದ್ದ ಧೈರ್ಯ ಅದೊಂದೇ.

ಸಾಹೇಬರು ಬಂದಾಕಿಯನ್ನು ಭೂತಗನ್ನಡಿಯಲ್ಲಿ ನೋಡಿ ವಾಪಸು ಸರಿಸಿದರು. ‘ಇದು ನನಗ ಬ್ಯಾಡ. ಹೊಳಿಯೂದು ಆ ಎಲ್ಲಾ ಮೇಜಿನ ಮ್ಯಾಲ ಅದ. ಇದನ್ನ ಯಾರೂ ತೊಟ್ಟಿಲ್ಲ, ಯಾರೂ ಮುಟ್ಟಿಲ್ಲ. ನಾ ಕೂಡ್ಸಾಕತ್ತಿದ್ದು ಹೆಂಗಸರು ತೊಟ್ಟು ಸವಿಸಿದ್ದು. ಒಂದೊಂದು ಸಿಗಾಕ ಎಷ್ಟು ಪತ್ತಾರರ ಬಾಗಿಲಾ ಕಾದೀನಿ ಗೊತ್ತೇನು? ಒಂದು ಗೂಡು ಖಾಲಿ ಆದ್ರ ಚೌಕಟ್ಟು ಹಲ್ಲು ಬಿದ್ದ ಬಾಯಿ ಆಗ್ತದ.’

‘ನಿಮ್ಮ ಬಾಯಾಗ ಎಷ್ಟವ?’ ಅಂದಳು ರಂಜಾನಬಿ, ಡಬ್ಬಿಯಿಂದ ಕಣ್ಣೆತ್ತದೆ.

‘ನೀ ಸುಮ್ನಿರು.’

‘ಸುಮ್ನ ಇದ್ದೀನಿ. ಆ ಹುಡುಗಿ ಆಕಿಗೆ ಊಟ ಹಾಕ್ತೀನಿ ಅನ್ನಾಕತ್ತದ. ನೀವೇನು ಹಾಕ್ತೀರಿ? ಗಾಜು.’

ಸಾಹೇಬರು ಗಡ್ಡ ನೀವಿಕೊಂಡರು. ಅತ್ತ ನೋಡಿದರು, ಇತ್ತ ನೋಡಿದರು. ಮುಂದಿನ ಮೇಜಿನವರು ಕಿವಿಗೊಟ್ಟಿದ್ದರು. ಆಮೇಲೆ ಅವರು ಬಂದಾಕಿಯನ್ನು ಕೊಂಡಿ ಹಿಡಿದು ಎತ್ತಿ, ಹೆಂಡತಿಯ ಕೊರಳ ಹತ್ತಿರ ಒಯ್ದು ನೋಡಿದರು. ‘ಒಂದು ಕೆಲಸ ಮಾಡೂಣು. ಇದನ್ನ ನೀ ತೊಡು. ನಲವತ್ತು ವರ್ಷ ತೊಟ್ಟು ಸವಿಸಿ ಕೊಡು. ಖಾಲಿ ಗೂಡಿಗೆ ಇಡ್ತೀನಿ.’

‘ಇನ್ನೂ ನಲವತ್ತು ವರ್ಷ ನಿಮ್ಮ ಜೋಡಿ ಇರಬೇಕೇನು ನಾ?’ ರಂಜಾನಬಿ ಬೇಡ ಅನ್ನುವ ಹಾಗೆ ಮೊಕ ತಿರುಗಿಸಿ, ಕೊರಳನ್ನು ಮಾತ್ರ ಮುಂದೆ ಮಾಡಿದಳು.

ನನಗೆ ನಗು ಬರಲಿಲ್ಲ, ಅಷ್ಟು ಗಡಿಬಿಡಿ. ಅಜ್ಜಿ ಹೇಳಿದ್ದು ಮಾಡಬೇಕಲ್ಲ. ಬಂದಾಕಿ ಹೋಗುವ ಮನೆಯ ಹೆಣ್ಣುಮಗಳು ಈಕೆ. ಕರಿದಾರ ಪೋಣಿಸಿ ರಂಜಾನಬಿಯ ಕೊರಳಿಗೆ ಕಟ್ಟಿ, ‘ಅಜ್ಜಿ ಹೇಳ್ಯಾಳ್ರಿ’ ಅಂತ ಅರಿಷಿಣದ ಪೊಟ್ಟಣ ತೆಗೆದೆ. ಆಕೆ ಅಂಗೈ ಒಡ್ಡಿದಳು. ‘ಹಚ್ಚವಾ. ಕುಂಕುಮ ನನಗ ಬ್ಯಾಡ, ಆಕಿಗಿ ಹಚ್ಚು.’ ರೂಪಾಯಿಗೆ ಬೊಟ್ಟಿಟ್ಟು, ಹೋಳಿಗೆ ಬಿಚ್ಚಿದೆ. ಮುರಿದು, ರೂಪಾಯಿಗೆ ತೋರಿಸಿ, ಆಕೆಯ ಕೈಗೆ ಕೊಟ್ಟೆ. ತಿಂದಳು. ‘ತುಪ್ಪ ಕಮ್ಮಿ’ ಅಂದು ಇನ್ನೊಂದು ಚೂರು ತೆಗೆದುಕೊಂಡಳು.

‘ಈಗ ನಿಮ್ಮದು ಯಾವುದು, ತೋರಿಸು’ ಸಾಹೇಬರು ಗಾಜು ಎತ್ತಿದರು.

ಬಗ್ಗಿ ನೋಡಿದೆ. ಕೆಲವು ಇಡೀ ಬೋಳು. ಕೆಲವಕ್ಕೆ ಅಂಚು ಸವೆದಿತ್ತು. ಒಂದೇ ಕಂಬ ಸವೆದವು ಎರಡು ಇದ್ದವು. ಒಂದಕ್ಕೆ ಎಡದ ಕಂಬ, ಇನ್ನೊಂದಕ್ಕೆ ಬಲದ ಕಂಬ. ನನಗೆ ಒಮ್ಮೆಲೇ ಹಗುರವಾಯಿತು. ಎಡಗಡೆ ಕಂಬ ಅಂತ ಅಜ್ಜಿ ನೂರು ಸಲ ಹೇಳಿದ್ದಾಳೆ. ಎಡದ ಕಂಬ ಸವೆದಿದ್ದರ ಮೇಲೆ ಬೆರಳಿಟ್ಟೆ.

‘ಖಾತ್ರಿ?’

‘ಖಾತ್ರಿ.’

ಸಾಹೇಬರು ಅದನ್ನು ತೆಗೆದು ಕೊಡುವಾಗ ಅವರ ಬೆರಳು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ‘ಜತನ’ ಅಂದರು.

ಬಸ್ ಸ್ಟ್ಯಾಂಡಿಗೆ ಬಂದು ದೇವದುರ್ಗದ ಬಸ್ಸಿಗೆ ಕಾಯುತ್ತಾ ಕೂತೆ. ಕೆಲಸ ಆಗಿತ್ತು. ಮೈಯಲ್ಲಿ ಮಾತ್ರ ಆದ ಹಾಗೆ ಇರಲಿಲ್ಲ. ಕಾಲು ತಾನೇ ಅಲುಗುತ್ತಿತ್ತು. ಸೆರಗಿನ ಗಂಟು ಮುಟ್ಟಿದರೆ ಬೆಳಗ್ಗೆ ಬಂದಾಕಿ ಇದ್ದಾಗ ಹೇಗಿತ್ತೋ ಹಾಗೇ, ಯಾರೋ ಪರರನ್ನು ಮುಟ್ಟಿದ ಹಾಗೆ. ರೂಪಾಯಿ ತೆಗೆದೆ. ಎಡಗೈಯಲ್ಲಿ ಹಿಡಿದು ಹೆಬ್ಬೆರಳು ಆಡಿಸಿದೆ. ಸವೆದ ಜಾಗಕ್ಕೆ ಬೆರಳು ಹೋಗಿ ಕೂರಲಿಲ್ಲ. ವಾರೆಯಾಗಿ ಹೋಗುತ್ತಿತ್ತು. ನನ್ನ ಬೆರಳಿಗೇನು ಗೊತ್ತು, ಅದು ಅಜ್ಜಿಯ ಬೆರಳಲ್ಲ ಅಂದುಕೊಂಡೆ.

ಬಸ್ಸು ಬಂತು. ಜನ ಕಿಟಕಿಯಿಂದ ಟವೆಲ್ಲು ಹಾಕಿದರು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಹಿಂದಿನವರು ನೂಕುತ್ತಿದ್ದರು. ಅಜ್ಜಿ ಹೀಗೇ ಹಿಡಿಯುತ್ತಿದ್ದಳಲ್ಲ ಅಂತ ರೂಪಾಯಿಯನ್ನು ಬೆಸುಗೆಯ ಕಲೆ ಮೇಲಾಗುವ ಹಾಗೆ ನನ್ನ ಗಂಟಲಿಗೆ ಒತ್ತಿ, ಕೆಳಗಿನ ಅಂಚು ಎತ್ತಿ, ಬಗ್ಗಿ ನೋಡಿದೆ.

ಮನೆ ತಲೆಕೆಳಗಾಗಿತ್ತು.

ತಲೆ ನನ್ನ ಕಡೆ, ಕಾಲು ಆಚೆ ಕಡೆ. ಕಥೆಯಲ್ಲಿದ್ದಂತೆಯೇ. ಕೊರಳಲ್ಲಿ ಕಟ್ಟಿಕೊಂಡವಳಿಗೆ ಅದು ಯಾವತ್ತೂ ಹಾಗೇ ಕಾಣುವುದು. ಅಜ್ಜಿ ಸುಮ್ಮನೆ ಕಥೆ ಕಟ್ಟಿ ಹೇಳಿದ್ದು ಅಂತ ನಾನು ತಿಳಿದಿದ್ದೆ. ಆಕೆ ಕಂಡದ್ದನ್ನೇ ಹೇಳಿದ್ದಳು. ಸವೆದ ಕಂಬ ಈಗ ನನ್ನ ಬಲಕ್ಕಿತ್ತು. ಅಜ್ಜಿಯ ಎಡ, ಎದುರಿಗೆ ನಿಂತು ನೋಡುವವರ ಬಲ. ಬಲದ ಕಂಬ ಸವೆದದ್ದೇ ನಮ್ಮಾಕೆ, ಇನ್ನೂ ಆ ಚೌಕಟ್ಟಿನಲ್ಲೇ ಇದ್ದಳು.

‘ಹತ್ತವಾ, ಇಲ್ಲಾ ಇಳಿ’ ಅಂದ ಕಂಡಕ್ಟರು.

ಇಳಿದೆ. ಓಡಿದೆ ಅಂದರೆ ಹೆಣ್ಣುಮಕ್ಕಳು ಸ್ಟೇಶನ್ ರಸ್ತೆಯಲ್ಲಿ ಓಡುತ್ತಾರೆಯೇ ಅಂತ ಕೇಳುತ್ತೀರಿ. ಓಡಿದೆ. ಚಪ್ಪಲಿಯ ಉಂಗುಟ ಕಿತ್ತಿತು, ಕೈಯಲ್ಲಿ ಹಿಡಿದುಕೊಂಡೆ. ಮಹಲಿನ ಬಾಗಿಲಲ್ಲಿ ಪೆಟ್ಟಿಗೆಗಳು ಹೊರಗೆ ಬರುತ್ತಿದ್ದವು. ಹೈದರಾಬಾದಿನವರು ರೈಲಿಗೆ ಹೊರಟಿದ್ದರು. ಮೇಜುಗಳ ಮಖಮಲ್ಲು ಮಡಚುತ್ತಿದ್ದರು. ಕಡೆಯ ಮೇಜು ಖಾಲಿಯಾಗಿತ್ತು.

ಅಷ್ಟು ಹೊತ್ತು ಓಡಿದ ಕಾಲು ಅಲ್ಲಿ ನಿಂತುಬಿಟ್ಟಿತು. ‘ಸಾಹೇಬ್ರು ಹೋದ್ರೇನ್ರಿ?’ ಅಂತ ಮಖಮಲ್ಲು ಮಡಚುವವನನ್ನು ಕೇಳಿದೆ. ‘ಹಿತ್ತಲ ಬಾಗಿಲದಾಗ ನೋಡ್ರಿ, ರಿಕ್ಷಾ ತರಿಸ್ಯಾರ.’

ಹಿತ್ತಲ ಬಾಗಿಲಲ್ಲಿ ರಂಜಾನಬಿ ಸೈಕಲ್ ರಿಕ್ಷಾ ಹತ್ತಿ ಕೂತಿದ್ದಳು. ಸಾಹೇಬರು ಚೌಕಟ್ಟನ್ನು ಚಾದರದಲ್ಲಿ ಸುತ್ತಿ ಕೂಸಿನಂತೆ ಹಿಡಿದು, ಒಬ್ಬರ ಜೊತೆ ಮಾತಾಡುತ್ತಿದ್ದರು. ಆ ಮನುಷ್ಯ ಚೌಕಟ್ಟಿನೊಳಗಿನ ಒಂದನ್ನು ಕೇಳುತ್ತಿದ್ದ, ಸಾಹೇಬರು ತಲೆ ಅಲ್ಲಾಡಿಸುತ್ತಿದ್ದರು. ಅದು ಹೂಂ ಅಂತಲೋ ಉಹೂಂ ಅಂತಲೋ ನನಗೆ ತಿಳಿಯಲಿಲ್ಲ.

‘ಸಾಹೇಬ್ರ, ಇದು ಅಲ್ರಿ.’

ಅವರು ನನ್ನನ್ನು, ನನ್ನ ಕೈಯಲ್ಲಿದ್ದ ಚಪ್ಪಲಿಯನ್ನು, ಇನ್ನೊಂದು ಕೈಯಲ್ಲಿದ್ದ ರೂಪಾಯಿಯನ್ನು ನೋಡಿದರು. ‘ಖಾತ್ರಿ ಅಂದಿದ್ದಿ.’

‘ಅಂದಿದ್ದೆ. ತಪ್ಪಿದ್ದೆ. ಅದರ ಬಾಜೂದ್ದು, ಬಲಕ್ಕ ಸವದದ್ದು.’

‘ಎಡಕ್ಕ ಅಂತಿದ್ದಿ ಮುಂಜಾನಿ. ಈಗ ಬಲಕ್ಕ ಅಂತಿ. ಸಂಜಿಗೆ ಮತ್ತೊಂದು ಅಂತಿ. ಇದೇನು ಬಳಿ ಅಂಗಡಿ ಏನು, ಹಾಕ್ಕೊಂಡು ನೋಡಿ ಬದಲಿ ಮಾಡಾಕ?’

‘ಹಾಕ್ಕೊಂಡು ನೋಡಿದ್ದಕ್ಕ ತಿಳೀತ್ರಿ. ನೀವೂ ನೋಡ್ರಿ. ಕೊರಳಿಗಿ ಹಿಡ್ಕೊಂಡು, ಬಗ್ಗಿ.’

ಜೊತೆಗಿದ್ದ ಮನುಷ್ಯ ಕಿಸಕ್ಕನೆ ನಕ್ಕ. ವಹೀದ್ ಸಾಹೇಬರು ನಗಲಿಲ್ಲ. ಚೌಕಟ್ಟನ್ನು ಹೆಂಡತಿಯ ತೊಡೆಯ ಮೇಲಿಟ್ಟು, ನನ್ನ ಕೈಯಿಂದ ರೂಪಾಯಿ ತೆಗೆದುಕೊಂಡು, ಗಡ್ಡ ಸರಿಸಿ ಗಂಟಲಿಗೆ ಹಿಡಿದರು. ಕೆಳಗಿನ ಅಂಚು ಎತ್ತಿದರು. ಕನ್ನಡಕ ಮೂಗಿನ ತುದಿಗೆ ಬಂತು. ಬಹಳ ಹೊತ್ತು ಹಾಗೇ ಬಗ್ಗಿ ನಿಂತರು. ನಾನು ಮನೆ ಕಥೆ ಹೇಳಿದೆ. ತಲೆ ನಮ್ಮ ಕಡೆ, ಕಾಲು ಆಚೆ ಕಡೆ, ಎಡಗೈ ಹೆಬ್ಬೆರಳು, ಎಡದ ಕಂಬ. ರಿಕ್ಷಾದವನೂ ಬೆಲ್ಲು ಬಿಟ್ಟು ಕೇಳಿದ.

‘ಹೆಂಗ ಕಾಣ್ತದ?’ ಅಂದಳು ರಂಜಾನಬಿ.

‘ಉಲ್ಟಾ’ ಅಂದರು ಸಾಹೇಬರು. ರೂಪಾಯಿ ಇಳಿಸಿ, ‘ಇಷ್ಟು ವರ್ಷ ಇವನ್ನ ನಾ ಗಂಡಸರು ನಿಂತ ಕಡಿಯಿಂದ ನೋಡೀನಿ.’

‘ಹೊಸಾ ಮಾತೇನಲ್ಲ’ ಅಂದಳು ಆಕೆ. ಹೇಳುತ್ತಾ ತಾನೇ ಚಾದರ ಬಿಚ್ಚಿ ಗಾಜು ಎತ್ತಿದಳು.

ಸಾಹೇಬರು ಎಡದ್ದನ್ನು ಅದರ ಗೂಡಿಗೆ ಇಟ್ಟು, ಬಲದ್ದನ್ನು ತೆಗೆದು ನನ್ನ ಎಡ ಅಂಗೈಗೆ ಹಾಕಿದರು. ಗಂಟಲಿಗೆ ಹಿಡಿದು ಬಗ್ಗಿದೆ. ತಲೆಕೆಳಗಾದ ಮನೆ, ಎಡಕ್ಕೆ ಬರೀ ಗುರುತಾಗಿ ಉಳಿದ ಕಂಬ. ಹೆಬ್ಬೆರಳು ಇಟ್ಟೆ. ಅಲ್ಲೊಂದು ಸಣ್ಣ ತಗ್ಗಿತ್ತು, ಬೆರಳು ಹೋಗಿ ಕೂತಿತು.

‘ಈ ಸಲ ಖಾತ್ರಿ ಏನು?’

‘ನಾ ಹೇಳಂಗಿಲ್ರಿ. ಅಜ್ಜಿ ಹೇಳ್ತಾಳ.’

‘ಅಲ್ಲ ಅಂದ್ರ ಮತ್ತ ಬಂದಿ, ಮನಿ ಬಾಗಿಲಾ ಹಾಕ್ಕೊಂಡು ಕುಂದರ್ತೀನಿ ನೋಡು’ ಅಂದರು. ರಂಜಾನಬಿ ಕೊರಳಿನ ಬಂದಾಕಿಯನ್ನು ಸರಿಮಾಡಿಕೊಂಡು, ‘ತಕ್ಕೊಂಡು ಹೋಗವಾ, ಬಾಗಿಲಾ ತಗಿಯಾಕಿ ನಾನ’ ಅಂದಳು.

ಮುಂದಿನ ಬಸ್ಸು ತಡವಾಗಿ ಬಂತು, ಸೀಟು ಸಿಗಲಿಲ್ಲ. ನಿಂತೇ ಬಂದೆ. ಬಿಟ್ಟ ಬಸ್ಸು ಇದಕ್ಕಿಂತ ಮೊದಲೇ ಮಸರಕಲ್ಲು ದಾಟಿ ಹೋಗಿರುತ್ತದೆ, ಅದರಿಂದ ನಾನು ಇಳಿಯದ್ದನ್ನು ಅಜ್ಜಿಗೆ ಯಾರಾದರೂ ಹೇಳಿರುತ್ತಾರೆ. ಇದೂ ಅಲ್ಲದಿದ್ದರೆ? ಪತ್ತಾರ ಇನ್ನಾರಿಗೋ ಕೊಟ್ಟಿದ್ದರೆ? ಪ್ರತಿ ನಿಲ್ದಾಣಕ್ಕೂ ಬಸ್ಸು ನಿಂತಿತು. ಪ್ರತಿ ನಿಲ್ದಾಣದಲ್ಲೂ ಯಾರೋ ಒಬ್ಬರು ಇಳಿದವರು ಮತ್ತೆ ಬಂದು ಏನೋ ಮರೆತದ್ದು ಹುಡುಕಿದರು. ಅವರ ಮೇಲೆ ಸಿಟ್ಟಾಗುವ ಯೋಗ್ಯತೆ ಆವತ್ತು ನನಗಿರಲಿಲ್ಲ.

ಇಳಿದಾಗ ಕುರಿಗಳು ಹಟ್ಟಿಗೆ ಬರುತ್ತಿದ್ದವು. ಧೂಳಿನೊಳಗೆ ಅಪ್ಪ ಹಟ್ಟಿಯ ಬಾಗಿಲು ಹಿಡಿದು ನಿಂತಿದ್ದ. ‘ಸಿಕ್ತೇನು?’ ಅಂತ ಕೇಳಲಿಲ್ಲ. ಕುರಿಗಳನ್ನು ಬಿಟ್ಟು ನನ್ನ ಹಿಂದೆಯೇ ಒಳಗೆ ಬಂದ.

ಅಜ್ಜಿ ಒಲೆಯ ಹತ್ತಿರ ಕೂತಿದ್ದಳು. ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ನಿನ್ನೆಯ ಹೋಳಿಗೆ. ಎಡಗೈ ಆಗಲೇ ಚಾಚಿಕೊಂಡಿತ್ತು. ಎಷ್ಟು ಹೊತ್ತಿನಿಂದಲೋ.

‘ಬಂದಾಕಿನ್ನ ಚಂದಾಗಿ ಕಳಸಿದ್ಯಾ?’

‘ಒಂದು ಕೊರಳು ಸಿಕ್ತು ಯವ್ವಾ ಆಕಿಗಿ. ಹೋಳಿಗಿ ತಿಂದು ತುಪ್ಪ ಕಮ್ಮಿ ಅಂದ್ಲು.’

‘ಹೌದು, ನಿಮ್ಮವ್ವ ಕೈ ಬಿಗಿ ಹಿಡೀತಾಳ’ ಅಂದಳು ಅಜ್ಜಿ. ಮಾತು ಹಗುರವಿತ್ತು. ಅಂಗೈ ಮಾತ್ರ ಚಾಚಿದ್ದು ಚಾಚಿದ ಹಾಗೇ ಇತ್ತು.

ನಾನು ರೂಪಾಯಿ ಅದರಲ್ಲಿಟ್ಟೆ.

ಅಜ್ಜಿ ಅದನ್ನು ಗಂಟಲ ಹತ್ತಿರ ಒಯ್ದಳು. ಪೊರೆ ಬಂದ ಕಣ್ಣನ್ನು ಬಗ್ಗಿಸಲಿಲ್ಲ. ಹೆಬ್ಬೆರಳು ಒಂದು ಸುತ್ತು ಹಾಕಿತು. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹೊರಗೆ ಒಂದು ಮರಿ ಅರಚುತ್ತಿತ್ತು. ಹೆಬ್ಬೆರಳು ಕಂಬದ ಹತ್ತಿರ ಬಂದು, ತಗ್ಗು ಸಿಕ್ಕಿ, ಅಲ್ಲೇ ನಿಂತಿತು. ಮತ್ತೆ ಸುತ್ತಲಿಲ್ಲ.

‘ಎಷ್ಟು ಸೊರಗೀ’ ಅಂದಳು. ನನಗಲ್ಲ.

ಬಲಗೈಯಿಂದ ಹೋಳಿಗೆ ಮುರಿದಳು. ‘ಅಕ್ಕಾ, ಉಣ್ಣು’ ಅಂದಳು. ಒಲೆಯ ಕಟ್ಟಿಗೆ ಒಂದು ಸಲ ಚಟ್ ಅಂತು. ಅಜ್ಜಿ ಕಾಯ್ದಳು, ಆಕೆ ಉಣ್ಣುವಷ್ಟು ಹೊತ್ತು. ಆಮೇಲೆ ತನ್ನ ತುತ್ತನ್ನು ಬಾಯಿಗಿಟ್ಟುಕೊಂಡಳು.